ಹೊಸ ಕಾರಿನ ಕ್ರಯವನ್ನು ಕುದುರಿಸುವ ಬಗೆ

ಸ್ವಾತಂತ್ರ್ಯಾನಂತರದ ಮೂರು ನಾಲ್ಕು ದಶಕಗಳ ಕಾಲ ನಮ್ಮ ದೇಶದಲ್ಲಿ ಕಾರು ಕೊಳ್ಳತಕ್ಕವನು ಕ್ರಯದ ಮಾತನ್ನೆತ್ತುವ ಸ್ಥಿತಿಯಲ್ಲಿಯೇ ಇರಲಿಲ್ಲ. ಅಂಬಾಸಿಡರಿಗೋ ಫಿಯೆಟ್ಟಿಗೋ ಮುಂಗಡ ಕಟ್ಟಿ, ವರ್ಷಗಟ್ಟಲೆ ಸರದಿಯಲ್ಲಿ ಕಾದು, ಕೊನೆಗೆ ದೊರೆತ ವಾಹನವನ್ನು ದೊರೆತ ಬಣ್ಣದಲ್ಲಿ ಸ್ವೀಕರಿಸುವುದಷ್ಟೇ ಅವನ ಪಾಲಿಗೆ ಬಂದುದು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಈ ಸ್ಥಿತಿ ಸಡಿಲಗೊಳ್ಳತೊಡಗಿ, 1993ರಲ್ಲಿ ಕಾರು ತಯಾರಿಕೆಗಿದ್ದ ಪರವಾನಗಿಯ ನಿರ್ಬಂಧ ತೆರವಾದ ತರುವಾಯ ಕಾಲಕ್ರಮೇಣ ಪೂರ್ತಿ ತಿರುಗಿಹೋಯಿತು. ಆದರೂ ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಎಷ್ಟೋ ಗೃಹಸ್ಥರು ಶೋರೂಮಿನ ಗಾಜಿನ ಬಾಗಿಲು ದಾಟಿದೊಡನೆ ಆ ಹಳೆಯ ದಿನಗಳ ವಿನಯವನ್ನೇ ತಾಳಿ, ತೋರಿಸಿದ ಮೊತ್ತಕ್ಕೆ ತಲೆಯಾಡಿಸಿ, ಕಾಲಡಿಗೆ ಹಾಸುವ ಮ್ಯಾಟುಗಳನ್ನು ಪುಕ್ಕಟೆ ಪಡೆದುದನ್ನೇ ಚೌಕಾಸಿಯೆಂದು ಭಾವಿಸಿ ಹಿಂದಿರುಗುತ್ತಾರೆ. ತೋಟದ, ದೋಣಿಯ ಅಥವಾ ಪರದೇಶದ ದುಡಿಮೆಯ ಹಣ ಹೀಗೆ ಸೋರಿಹೋಗುವುದು ನಿಜವಾಗಿಯೂ ವ್ಯಸನಕರ.

ಕುಮಟಾ ಪೇಟೆಯಲ್ಲಿ ಚಾಲಿ ಅಡಕೆ ಮಾರುವ ತೋಟಿಗನು ಇಡೀ ರಾಶಿಗೆ ಒಂದೇ ಮಾತಿನಲ್ಲಿ ಬೆಲೆ ಒಪ್ಪುವವನಲ್ಲ. ಹೊಸ ಚಾಲಿ, ಹಳೆ ಚಾಲಿ, ಕೋಕ, ಚಿಪ್ಪು ಎಂದು ವಿಂಗಡಿಸಿ, ಒಂದೊಂದಕ್ಕೂ ಬೇರೆ ಬೇರೆ ಧಾರಣೆಯನ್ನು ಕೇಳುತ್ತಾನೆ. ಕಾರು ಕೊಳ್ಳುವಲ್ಲಿ ಬೇಕಾದುದೂ ಇದೇ ವಿವೇಕ. ಆನ್‌ರೋಡ್ ಎಂಬ ಒಟ್ಟು ಮೊತ್ತವನ್ನು ಹಿಡಿದು ವಾದಿಸುವುದರಿಂದ ಪ್ರಯೋಜನವಿಲ್ಲ. ಅದರೊಳಗೆ ಸರಕಾರಕ್ಕೆ ಸಲ್ಲುವ, ಯಾರೂ ಕಡಿಮೆ ಮಾಡಲಾಗದ ಅಂಶವಾವುದು, ಡೀಲರನ ಕೈಯಲ್ಲಿರುವ ಅಂಶವಾವುದು ಎಂದು ಬಿಡಿಸಿಕೊಂಡು, ಎರಡನೆಯದರ ಮೇಲೆ ಮಾತ್ರ ಮಾತನ್ನು ನಿಲ್ಲಿಸಬೇಕು.

ಮೊದಲು ದರಪಟ್ಟಿಯನ್ನು ಬರೆಯಿಸಿಕೊಳ್ಳತಕ್ಕದ್ದು, ಅದೂ ಒಂದೇ ಕಡೆಯಿಂದಲ್ಲ. ಈ ಮೂರು ತಾಲ್ಲೂಕಿನವರಿಗೆ ಹೆದ್ದಾರಿ 66 ಒಂದು ಅನುಕೂಲವನ್ನು ಒದಗಿಸಿದೆ: ತೆಂಕಣಕ್ಕೆ ಕುಂದಾಪುರ, ಉಡುಪಿ, ಬಡಗಣಕ್ಕೆ ಕಾರವಾರ, ಘಟ್ಟ ಹತ್ತಿದರೆ ಶಿರಸಿ, ಹುಬ್ಬಳ್ಳಿ. 2019ರ ಮೋಟಾರು ವಾಹನ ತಿದ್ದುಪಡಿಯ ಬಳಿಕ ರಾಜ್ಯದೊಳಗಿನ ಯಾವ ನೋಂದಣಿ ಪ್ರಾಧಿಕಾರದಲ್ಲಿಯಾದರೂ ವಾಹನವನ್ನು ನೋಂದಾಯಿಸಲು ಅವಕಾಶವಿರುವುದರಿಂದ, ಉಡುಪಿಯಲ್ಲಿ ಕೊಂಡ ಕಾರಿಗೂ ಹೊನ್ನಾವರದ ಕೆಎ-47 ಸಂಖ್ಯೆಯನ್ನೇ ಪಡೆಯಬಹುದು. ಒಂದೇ ಮಾದರಿಗೆ, ಒಂದೇ ವೇರಿಯಂಟಿಗೆ ಎರಡು ಮೂರು ಕಡೆಯ ಲಿಖಿತ ದರಪಟ್ಟಿಗಳನ್ನು ಮೇಜಿನ ಮೇಲೆ ಇಟ್ಟವನು ದನಿಯೇರಿಸಬೇಕಾದ ಪ್ರಮೇಯವೇ ಬರುವುದಿಲ್ಲ.

ಈಗ ಆ ಹಾಳೆಯನ್ನು ಸಾವಧಾನವಾಗಿ ಓದೋಣ. ಮೊದಲ ಸಾಲು ಎಕ್ಸ್‌ಶೋರೂಮ್ ಬೆಲೆ; ಜಿ.ಎಸ್.ಟಿ. ಇದರೊಳಗೇ ಅಡಕವಾಗಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೆ ಅದು ಶೇಕಡಾ 18, ದೊಡ್ಡವಕ್ಕೆ 40. ಕಂಪನಿ ನಿಗದಿಪಡಿಸಿದ ಈ ಬೆಲೆಯನ್ನು ಡೀಲರನು ತಿದ್ದಲಾರನಾದರೂ, ಅದರ ಮೇಲೆ ನಗದು ರಿಯಾಯಿತಿ ಕೊಡಬಲ್ಲನು. ಎರಡನೆಯದು ರಾಜ್ಯದ ಆಜೀವ ತೆರಿಗೆ. ಕರ್ನಾಟಕದಲ್ಲಿ 5 ಲಕ್ಷದಿಂದ 10 ಲಕ್ಷದವರೆಗಿನ ಕಾರಿಗೆ ಶೇಕಡಾ 14, 10 ಲಕ್ಷ ಮೀರಿ 20 ಲಕ್ಷದವರೆಗೆ ಶೇಕಡಾ 17, ಆ ತೆರಿಗೆಯ ಮೇಲೆ ಮತ್ತೆ ಶೇಕಡಾ 11ರ ಸೆಸ್. ಇಲ್ಲಿ ರಿಯಾಯಿತಿ ಕೇಳುವುದು ವ್ಯರ್ಥ. ಆದರೆ ಲೆಕ್ಕ ಹಾಕುವುದು ವ್ಯರ್ಥವಲ್ಲ. 9,95,000 ರೂಪಾಯಿಯ ಕಾರಿಗೆ ತೆರಿಗೆಯೂ ಸೆಸ್ಸೂ ಸೇರಿ ಸುಮಾರು 1,54,600 ರೂಪಾಯಿ ಆಗುವಲ್ಲಿ, 10,05,000 ರೂಪಾಯಿಯ ಕಾರಿಗೆ ಸುಮಾರು 1,89,600 ಆಗುತ್ತದೆ. ಎಂದರೆ ಹತ್ತು ಸಾವಿರದ ಅಲಂಕಾರಕ್ಕಾಗಿ ಮೇಲಿನ ವೇರಿಯಂಟನ್ನು ಆರಿಸಿದವನು ಮೂವತ್ತೈದು ಸಾವಿರವನ್ನು ಹೆಚ್ಚುವರಿ ತೆರಿಗೆಯಾಗಿ ತೆರುತ್ತಾನೆ. ಯಾವ ಚೌಕಾಸಿಯೂ ಸುಲಭವಾಗಿ ಉಳಿಸಿಕೊಡಲಾರದ ಹಣವಿದು. 10 ಲಕ್ಷ ಮೀರಿದ ಕಾರಿಗೆ ವಸೂಲಾಗುವ ಶೇಕಡಾ 1ರ ಟಿ.ಸಿ.ಎಸ್. (ಮಾರಾಟದ ಮೂಲದಲ್ಲಿಯೇ ವಸೂಲು ಮಾಡುವ ತೆರಿಗೆ) ಮಾತ್ರ ಆದಾಯ ತೆರಿಗೆಯ ವಿವರ ಸಲ್ಲಿಸುವಾಗ ಹೊಂದಾಣಿಕೆಯಾಗುತ್ತದೆ. ಅದರ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು.

ಮಾತಿಗೆ ನಿಜವಾದ ಎಡೆಯಿರುವುದು ಮೂರನೆಯ ಸಾಲಿನಲ್ಲಿ, ವಿಮೆಯಲ್ಲಿ.

"ಆನ್‌ರೋಡ್ ಇಷ್ಟಾಗ್ತದೆ ಸರ್."

"ಇದ್ರಲ್ಲಿ ಇನ್ಶೂರೆನ್ಸ್ ಎಷ್ಟು ಹಿಡ್ದಿದ್ದೀರಿ ತಮಾ? ನಾನು ಹೊರಗೆ ಮಾಡ್ಸಿದ್ರೆ ಎಷ್ಟು ಕಡ್ಮೆ ಆಗ್ತದೆ?"

ಇಷ್ಟು ಕೇಳಿದರೆ ಸಾಕು, ಶೋರೂಮಿನ ತರುಣನು ಮ್ಯಾನೇಜರರ ಕೋಣೆಗೆ ಒಮ್ಮೆ ಹೋಗಿಬರುತ್ತಾನೆ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವೇ ಹೊರತು, ಅದನ್ನು ಆ ಶೋರೂಮಿನಲ್ಲಿಯೇ ಮಾಡಿಸಬೇಕೆಂಬುದು ಕಡ್ಡಾಯವಲ್ಲ. ಹೊರಗಿನ ದರವನ್ನು ಹೋಲಿಸುವಾಗ ಐಡಿವಿ, ಎಂದರೆ ವಿಮೆಗಾಗಿ ಘೋಷಿಸಿದ ಕಾರಿನ ಮೌಲ್ಯ, ಎರಡರಲ್ಲಿಯೂ ಸಮನಾಗಿದೆಯೇ ಎಂದು ನೋಡಬೇಕು. ಹೊಸ ಕಾರಿಗೆ ಅದು ಸಾಮಾನ್ಯವಾಗಿ ಎಕ್ಸ್‌ಶೋರೂಮ್ ಬೆಲೆಯ ಶೇಕಡಾ 95. ಮೌಲ್ಯವನ್ನು ತಗ್ಗಿಸಿ ಕಂತನ್ನು ಅಗ್ಗವಾಗಿಸಿದ್ದರೆ ಅದು ಲಾಭವಲ್ಲ. ಇನ್ನು ಹ್ಯಾಂಡ್ಲಿಂಗ್ ಚಾರ್ಜ್ ಎಂಬ ಸಾಲು: ನೋಂದಣಿಗೆ ಅರ್ಜಿ ಹಾಕುವುದು ಕಾನೂನಿನಂತೆ ಡೀಲರನದೇ ಕರ್ತವ್ಯವಾಗಿರುವಾಗ ಆ ಸಾಲನ್ನು ಹೊಡೆದುಹಾಕಲು ಸೌಜನ್ಯದಿಂದಲೇ, ಆದರೆ ನಿಶ್ಚಯವಾಗಿ ಕೇಳಬೇಕು.

ಕರಾವಳಿಯವರನ್ನು ಬಹುಬೇಗ ಒಲಿಸತಕ್ಕ ಮಾತು ತುಕ್ಕಿನದು. ಉಪ್ಪುಗಾಳಿಯೂ ನಾಲ್ಕು ತಿಂಗಳ ಮಳೆಯೂ ಇರುವ ನಮ್ಮಲ್ಲಿ ಕಾರಿನ ತಳಕ್ಕೆ ಕೋಟಿಂಗ್ ಹಾಕಿಸುವುದು ನನ್ನ ಅಭಿಪ್ರಾಯದಲ್ಲಿ ದಂಡವಲ್ಲ. ಆದರೆ ಊರಿನ ಗ್ಯಾರೇಜಿನಲ್ಲಿ ಅದಕ್ಕೆ ಎಷ್ಟಾಗುತ್ತದೆಂದು ಮೊದಲೇ ವಿಚಾರಿಸಿದವನಿಗೆ ಮಾತ್ರ ಶೋರೂಮಿನ ದರ ಹೆಚ್ಚೋ ಕಡಿಮೆಯೋ ತಿಳಿಯುತ್ತದೆ. ಸಾಲದ ವಿಷಯವೂ ಹಾಗೆಯೇ: ತನ್ನ ಬ್ಯಾಂಕಿನಲ್ಲಿಯೋ ಸಹಕಾರಿ ಸಂಘದಲ್ಲಿಯೋ ಬಡ್ಡಿಯ ದರವನ್ನು ತಿಳಿದುಕೊಂಡು ಹೋಗಬೇಕು, ತಿಂಗಳ ಕಂತು ಚಿಕ್ಕದೆಂದು ಮನಸೋತು ಏಳು ವರ್ಷದ ಅವಧಿಗೆ ಒಪ್ಪಿದವನು ರಿಯಾಯಿತಿಯಾಗಿ ಪಡೆದುದನ್ನೆಲ್ಲ ಬಡ್ಡಿಯಾಗಿ ಹಿಂದಿರುಗಿಸುತ್ತಾನೆ.

ಕಾಲವೂ ಗಣನೀಯ. ಆಯುಧಪೂಜೆ, ದೀಪಾವಳಿಗಳಲ್ಲಿ ಕಾರನ್ನು ಇಡಗುಂಜಿಗೆ ಒಯ್ದು ಪೂಜೆ ಮಾಡಿಸಬೇಕೆನ್ನುವವರ ದಟ್ಟಣೆ. ಆಷಾಢದಲ್ಲಿಯೂ ಪಿತೃಪಕ್ಷದಲ್ಲಿಯೂ ವ್ಯಾಪಾರ ಮಂದ. ತಿಂಗಳ ಕೊನೆಯ ದಿನಗಳಲ್ಲಿ, ವಿಶೇಷವಾಗಿ ಮಾರ್ಚ್ ಮತ್ತು ಡಿಸೆಂಬರಿನಲ್ಲಿ, ಮಾರಾಟದ ಗುರಿ ಮುಟ್ಟಬೇಕಾದವರ ಕೈ ಸಡಿಲವಾಗಿರುತ್ತದೆ. ಗಲ್ಫಿನಿಂದ ಅಲ್ಪಕಾಲದ ರಜೆಯಲ್ಲಿ ಭಟ್ಕಳಕ್ಕೆ ಬರುವವರು ಅವಸರದಿಂದಲೇ ನಷ್ಟಹೊಂದುವರು. ಅವರು ಅಲ್ಲಿದ್ದಾಗಲೇ ಫೋನಿನ ಮೂಲಕ ದರಪಟ್ಟಿಗಳನ್ನು ತರಿಸಿಕೊಂಡು, ಮಾತು ಮುಗಿಸಿ ಬರುವುದು ಲೇಸು.

ಡಿಸೆಂಬರಿನ ದೊಡ್ಡ ರಿಯಾಯಿತಿ ಹೊಸವರ್ಷಕ್ಕೆ ಹಳೆಯದಾಗಲಿರುವ ಕಾರಿನ ಮೇಲಿನದು ಎಂಬುದನ್ನು ಮರೆಯಬಾರದು. ಹತ್ತು ವರ್ಷ ಇಟ್ಟುಕೊಳ್ಳುವವನಿಗೆ ಅದು ಸ್ವೀಕಾರ್ಯ. ಮೂರು ವರ್ಷಕ್ಕೆ ಮಾರುವವನಿಗೆ ಅಲ್ಲ. ಮಾರಾಟ ಪ್ರಮಾಣಪತ್ರವಾದ ಫಾರ್ಮ್ 21ರಲ್ಲಿ ತಯಾರಾದ ತಿಂಗಳೂ ವರ್ಷವೂ ನಮೂದಾಗಿರುತ್ತವೆ. ಬುಕಿಂಗ್ ರಸೀದಿಯ ಮೇಲೆಯೇ ಆ ತಿಂಗಳನ್ನೂ, ಒಪ್ಪಿದ ರಿಯಾಯಿತಿಯನ್ನೂ, ಬುಕಿಂಗ್ ರದ್ದಾದರೆ ಹಣ ಮರಳಿಸುವ ಷರತ್ತನ್ನೂ ಸಹಿಸಹಿತ ಬರೆಯಿಸಿ, ಕಾರನ್ನು ಕಣ್ಣಾರೆ ಕಂಡು, ಚಾಸಿ ಸಂಖ್ಯೆಯನ್ನು ತಾಳೆ ನೋಡಿದ ಮೇಲೆಯೇ ಉಳಿದ ಹಣವನ್ನು ಬ್ಯಾಂಕಿನ ಮೂಲಕ ಡೀಲರನ ಖಾತೆಗೆ ಸಂದಾಯ ಮಾಡತಕ್ಕದ್ದು.