ಊರಲ್ಲೇ ನಿಲ್ಲುವ ಆರೋಗ್ಯ ಕಾರ್ಯಕರ್ತೆ: ಆಯ್ಕೆ, ತರಬೇತಿ, ಆಸರೆ

ಮಲೆನಾಡಿನ ಬೆಳೆಗಾರರಿಗೆ ಮಂಗನ ಕಾಯಿಲೆಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಜ್ವರ ಹೆಚ್ಚಾಗಿ ಕಾಣಿಸಿಕೊಳ್ಳುವುದು ನವೆಂಬರಿನಿಂದ ಮೇ ತಿಂಗಳವರೆಗೆ. ಅಡಿಕೆ ಕೊಯ್ಲು, ಸುಲಿತ, ಕಾಫಿ ಹಣ್ಣಿನ ಕೊಯ್ಲು, ಕೊಟ್ಟಿಗೆಗೆ ದರಕು ಒಟ್ಟುಮಾಡುವ ಕೆಲಸ, ಎಲ್ಲವೂ ಬರುವುದು ಇದೇ ತಿಂಗಳುಗಳಲ್ಲಿ. ಕಾಡಿನ ಅಂಚಿಗೆ ಹೋದವರ ಮೈಗೆ ಉಣ್ಣೆಹುಳು ಹತ್ತಿ ಕಚ್ಚುತ್ತದೆ. ಮೂರರಿಂದ ಎಂಟು ದಿನಗಳಲ್ಲಿ ಜ್ವರ, ತಲೆನೋವು, ವಿಪರೀತ ಮೈಕೈ ನೋವು ಶುರುವಾಗುತ್ತದೆ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಈ ರೋಗ ಹಲವರನ್ನು ಬಲಿ ತೆಗೆದುಕೊಂಡದ್ದನ್ನು ನಾವು ಮರೆತಿಲ್ಲ.

ಇದಕ್ಕೆಂದೇ ನಿರ್ದಿಷ್ಟವಾದ ಔಷಧಿಯಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯ ಶಕ್ತಿ ಸಾಲದೆಂದು ಕಂಡುಬಂದು ಅದನ್ನು ನಿಲ್ಲಿಸಲಾಯಿತು. ಹೀಗಿರುವಾಗ ಜೀವ ಉಳಿಸುವುದು ಮುಖ್ಯವಾಗಿ ಮೂರು ಕೆಲಸಗಳು: ಕಾಡಿಗೆ ಹೋಗುವ ಮುಂಚೆ ಉಣ್ಣೆ ಹತ್ತದಂತೆ ತೈಲ ಹಚ್ಚಿಕೊಳ್ಳುವುದು, ಮಂಗ ಸತ್ತುಬಿದ್ದ ಸುದ್ದಿಯನ್ನು ಕೂಡಲೇ ಮುಟ್ಟಿಸುವುದು, ಜ್ವರ ಬಂದವರನ್ನು ಮೊದಲ ದಿನಗಳಲ್ಲೇ ಗುರುತಿಸಿ ರಕ್ತಪರೀಕ್ಷೆಗೂ ಆಸ್ಪತ್ರೆಗೂ ಕಳುಹಿಸುವುದು. ಈ ಮೂರನ್ನೂ ಪೇಟೆಯ ದೊಡ್ಡ ವೈದ್ಯರು ಮಾಡಲಾರರು. ಯಾವ ಮನೆಯಲ್ಲಿ ಯಾರು ಎರಡು ದಿನದಿಂದ ಹಾಸಿಗೆ ಹಿಡಿದಿದ್ದಾರೆ ಎಂಬುದು ತಿಳಿಯುವುದು ಆ ಊರಿನಲ್ಲೇ ಇರುವವರಿಗೆ. ಆದ್ದರಿಂದ ನಮ್ಮ ಊರುಗಳಿಗೆ ಎಂಥ ಆರೋಗ್ಯ ಕಾರ್ಯಕರ್ತರು ಬೇಕು, ಅವರನ್ನು ಹೇಗೆ ತಯಾರು ಮಾಡಬೇಕು, ಬಂದವರು ನಿಲ್ಲುವುದು ಹೇಗೆ ಎಂಬ ಪ್ರಶ್ನೆ ಸರ್ಕಾರದ್ದಷ್ಟೇ ಅಲ್ಲ, ನಮ್ಮದೂ ಹೌದು.

ಬೀಗ ಬಿದ್ದ ಉಪಕೇಂದ್ರ

ಗುಡ್ಡಗಾಡಿನಲ್ಲಿ ಮೂರು ಸಾವಿರ ಜನಕ್ಕೊಂದು ಉಪಕೇಂದ್ರ, ಇಪ್ಪತ್ತು ಸಾವಿರ ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ನಮ್ಮ ದೇಶದ ನಿಯಮ. ಕಟ್ಟಡಗಳೇನೋ ಅನೇಕ ಕಡೆ ಎದ್ದಿವೆ. ಈ ಲೇಖಕನ ಊರಿನ ಪಕ್ಕದಲ್ಲೂ ಒಂದಿತ್ತು. ಬಯಲುಸೀಮೆಯಿಂದ ಒಬ್ಬ ದಾದಿ ಬಂದರು. ಜೂನ್ ತಿಂಗಳ ಮಳೆಗೆ ವಸತಿಗೃಹದ ಮಾಡು ಸೋರಿತು, ವಾರಗಟ್ಟಲೆ ವಿದ್ಯುತ್ ಇರಲಿಲ್ಲ, ಸಂಕ ದಾಟಿ ಹೋಗಬೇಕಾದ ಮನೆಗಳೇ ಹೆಚ್ಚು. ಎರಡು ಮಳೆಗಾಲ ಕಳೆದು ಆಕೆ ವರ್ಗ ಮಾಡಿಸಿಕೊಂಡರು. ಬಾಗಿಲಿಗೆ ಬೀಗ ಬಿತ್ತು. ನಾವು ಇಲಾಖೆಯನ್ನು ಬೈದೆವು. ಆದರೆ ಆ ಎರಡು ವರ್ಷಗಳಲ್ಲಿ ನಮ್ಮಲ್ಲಿ ಒಬ್ಬರಾದರೂ ಆಕೆಗೆ ಒಂದು ಸರಿಯಾದ ಬಾಡಿಗೆ ಮನೆ ಹುಡುಕಿಕೊಟ್ಟೆವೇ ಎಂದು ಕೇಳಿಕೊಂಡರೆ ಉತ್ತರ ಕೊಡಲು ನಾಚಿಕೆಯಾಗುತ್ತದೆ.

ತೋಟ ಮಾಡಿದವರಿಗೆ ಇದು ಅರ್ಥವಾಗದ ಮಾತಲ್ಲ. ಎಳೆಯ ಅಡಿಕೆ ಸಸಿಗೆ ಪಡುವಣ ಬಿಸಿಲು ತಾಗದಂತೆ ಬಾಳೆಯ ನೆರಳು ಕೊಡುತ್ತೇವೆ. ಕಾಫಿಗೆ ಹಾಲವಾಣ ನೆಡುತ್ತೇವೆ. ಸಸಿ ನೆಟ್ಟು ಮನೆಗೆ ಬಂದು ಕುಳಿತರೆ ತೋಟ ಆಗುವುದಿಲ್ಲ. ನೇಮಕಾತಿಯ ಆದೇಶವೂ ಸಸಿ ನೆಟ್ಟಷ್ಟೇ ಕೆಲಸ.

ಜಾಮಖೇಡದ ಪಾಠ

ಈ ವಿಷಯದಲ್ಲಿ ಎಲ್ಲರೂ ತಿಳಿಯಬೇಕಾದ ಒಂದು ಪ್ರಯೋಗ ಪಕ್ಕದ ಮಹಾರಾಷ್ಟ್ರದ ಜಾಮಖೇಡದ್ದು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ರಜನಿಕಾಂತ ಆರೋಳೆ ಮತ್ತು ಡಾ. ಮೇಬಲ್ ಆರೋಳೆ ದಂಪತಿ 1970ರಲ್ಲಿ ಬರಪೀಡಿತವಾದ ಆ ತಾಲ್ಲೂಕಿನಲ್ಲಿ ಕೆಲಸ ಆರಂಭಿಸಿದರು. ತರಬೇತಿ ಪಡೆದ ದಾದಿಯರನ್ನು ಹಳ್ಳಿಗಳಲ್ಲಿ ನೆಲೆಗೊಳಿಸಲು ಮೊದಲು ನೋಡಿದರು, ಅದು ಕೂಡಿಬರಲಿಲ್ಲ. ಹೊರಗಿನಿಂದ ಬಂದ ಹೆಣ್ಣುಮಗಳಿಗೆ ಊರು ಹೊಸದು, ಊರಿಗೆ ಆಕೆ ಹೊಸಬಳು. ಆಮೇಲೆ ಆಯಾ ಹಳ್ಳಿಯವರೇ ತಮ್ಮಲ್ಲಿನ ಒಬ್ಬ ಮಹಿಳೆಯನ್ನು ಆರಿಸಿ ಕಳುಹಿಸುವ ಕ್ರಮ ಬಂತು. ಹೀಗೆ ಬಂದವರಲ್ಲಿ ಅನೇಕರು ಅಕ್ಷರ ಬಾರದವರು, ಅನೇಕರು ದಲಿತರು.

ತರಬೇತಿಯ ಕ್ರಮ ಗಮನಿಸತಕ್ಕದ್ದು. ಒಂದೇ ಸಲ ಆರು ತಿಂಗಳು ಕೂಡಿಹಾಕಿ ಪಾಠ ಹೇಳಿ ಪ್ರಮಾಣಪತ್ರ ಕೊಟ್ಟು ಕಳುಹಿಸಲಿಲ್ಲ. ವಾರ ವಾರವೂ ಅವರು ಕೇಂದ್ರಕ್ಕೆ ಬಂದು, ರಾತ್ರಿ ಉಳಿದು, ತಾವು ಕಂಡ ರೋಗ, ತಮಗಾದ ಕಷ್ಟ ಹೇಳಿಕೊಂಡು, ಒಬ್ಬರಿಂದೊಬ್ಬರು ಕಲಿತು ಊರಿಗೆ ಮರಳುತ್ತಿದ್ದರು. ಕಲಿತದ್ದನ್ನು ಮರುದಿನವೇ ಬಳಸುವುದು, ತಪ್ಪಿದ್ದನ್ನು ಮುಂದಿನ ವಾರ ಕೇಳಿ ತಿದ್ದಿಕೊಳ್ಳುವುದು, ಹೀಗೆ ವರ್ಷಗಟ್ಟಲೆ ನಡೆಯಿತು. ಆರೋಳೆ ದಂಪತಿಗೆ 1979ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಮಹಾರಾಷ್ಟ್ರದ್ದೇ ಗಡಚಿರೋಲಿಯಲ್ಲಿ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. 39 ಹಳ್ಳಿಗಳಲ್ಲಿ ಊರಿನ ಮಹಿಳೆಯರಿಗೇ ಹಸುಗೂಸಿನ ಆರೈಕೆ ಕಲಿಸಿದರು: ಮೈ ಬೆಚ್ಚಗಿಡುವುದು, ತೂಕ ನೋಡುವುದು, ಉಸಿರು ಎಣಿಸುವುದು, ನಂಜಿನ ಲಕ್ಷಣ ಕಂಡರೆ ಚಿಕಿತ್ಸೆ ಶುರುಮಾಡುವುದು. ಹೋಲಿಕೆಗೆ ಇಟ್ಟುಕೊಂಡ ಹಳ್ಳಿಗಳಿಗಿಂತ ಅಲ್ಲಿ ಹಸುಗೂಸುಗಳ ಸಾವು ಶೇಕಡ 62ರಷ್ಟು ಇಳಿಯಿತೆಂದು 1999ರಲ್ಲಿ ಪ್ರಕಟವಾದ ವರದಿ ತಿಳಿಸಿತು. ಇಂದು ನಮ್ಮ ಊರಿನ ಆಶಾ ಕಾರ್ಯಕರ್ತೆ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಬರುವುದರ ಮೂಲ ಈ ಕೆಲಸದಲ್ಲಿದೆ.

ನಮ್ಮ ರಾಜ್ಯದಲ್ಲೂ ಉದಾಹರಣೆಯಿಲ್ಲದೆ ಇಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಗಿರಿಜನ ಹೆಣ್ಣುಮಕ್ಕಳಿಗೇ ದಾದಿಯ ತರಬೇತಿ ಕೊಟ್ಟಿತು. ಪೋಡಿನ ಭಾಷೆ, ಪೋಡಿನ ದಾರಿ ಬಲ್ಲವಳಿಗೆ ಬೆಟ್ಟ ಶಿಕ್ಷೆಯಲ್ಲ, ಮನೆ.

ನಿಲ್ಲುವವರು ಯಾರು?

ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿಯೂ ಮತ್ತೆ 2021ರಲ್ಲಿಯೂ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಅದರ ಸಾರ ಸರಳ. ಹಳ್ಳಿಯಲ್ಲಿ ಹುಟ್ಟಿ ಬೆಳೆದ ವಿದ್ಯಾರ್ಥಿಗಳನ್ನು ಆರಿಸಿ. ತರಬೇತಿಯನ್ನು ಹಳ್ಳಿಗೆ ಸಮೀಪದಲ್ಲೇ ಕೊಡಿ. ಕೆಲಸಕ್ಕೆ ಸೇರಿದ ಮೇಲೂ ಕಲಿಯಲು ಅವಕಾಶ, ವಾಸಕ್ಕೆ ಮನೆ, ಸುರಕ್ಷತೆ, ಮೇಲಿನ ಹುದ್ದೆಗೆ ದಾರಿ ಇರಲಿ. ಜಪಾನಿನಲ್ಲಿ 1972ರಲ್ಲಿ ಸ್ಥಾಪನೆಯಾದ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯ ಇದನ್ನು ಬಹಳ ಹಿಂದೆಯೇ ಮಾಡಿ ತೋರಿಸಿತು. ಅಲ್ಲಿನ 47 ಪ್ರಾಂತಗಳಿಂದಲೂ ವಿದ್ಯಾರ್ಥಿಗಳನ್ನು ತೆಗೆದುಕೊಂಡು, ಓದಿನ ವೆಚ್ಚ ಭರಿಸಿ, ತಮ್ಮ ತಮ್ಮ ಪ್ರಾಂತದಲ್ಲೇ ಸುಮಾರು ಒಂಬತ್ತು ವರ್ಷ ಸೇವೆ ಸಲ್ಲಿಸುವ ಕರಾರು ಮಾಡಿಸಿಕೊಳ್ಳುತ್ತಾರೆ.

ನಮ್ಮಲ್ಲಿಯೂ ವೈದ್ಯ ಪದವೀಧರರಿಗೆ ಸರ್ಕಾರಿ ಸೇವೆಯನ್ನು ಕಡ್ಡಾಯಗೊಳಿಸುವ ಕಾನೂನು 2012ರಲ್ಲಿ ರೂಪುಗೊಂಡಿತು. ಕಡ್ಡಾಯದಿಂದ ಖಾಲಿ ಕುರ್ಚಿ ಕೆಲಕಾಲ ತುಂಬಬಹುದು. ಆದರೆ ಬಲವಂತಕ್ಕೆ ಬಂದವರು ಅವಧಿ ಮುಗಿಯುವ ದಿನ ಎಣಿಸುತ್ತಾರೆ. ಊರಿನ ನಂಟು ಇದ್ದವರಿಗೆ ಆ ಎಣಿಕೆ ಬೇಕಾಗುವುದಿಲ್ಲ.

ಆಶಾ ಕಾರ್ಯಕರ್ತೆಯ ಹೊರೆ

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಬಂದ ಆಶಾ ಯೋಜನೆ ಇದೇ ತತ್ತ್ವದ ಮೇಲೆ ನಿಂತಿದೆ. ಸಾವಿರ ಜನಕ್ಕೆ ಒಬ್ಬರು, ಅದೇ ಊರಿನ ಮಹಿಳೆ. ಗುಡ್ಡಗಾಡು ಪ್ರದೇಶಗಳಲ್ಲಿ ಇನ್ನೂ ಕಡಮೆ ಜನಕ್ಕೆ ಒಬ್ಬರನ್ನು ನೇಮಿಸಿಕೊಳ್ಳಲು ಅವಕಾಶವಿದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರೆಲ್ಲರನ್ನೂ ಸೇರಿಸಿ ಗೌರವಿಸಿತು.

ಆದರೆ ಊರಿನವಳು ಎಂಬ ಕಾರಣಕ್ಕೆ ಆಕೆ ಕೂಲಿಯಿಲ್ಲದೆ ದುಡಿಯಲಿ ಎನ್ನುವುದು ನ್ಯಾಯವಲ್ಲ. ಮಾಡಿದ ಕೆಲಸದ ಲೆಕ್ಕಕ್ಕೆ ಪ್ರೋತ್ಸಾಹಧನ ಎಂಬ ಪದ್ಧತಿಯಲ್ಲಿ ಹಣ ಬರುವುದು ತಡವಾದರೆ ಮನೆ ನಡೆಯುವುದು ಹೇಗೆ? ನಿಗದಿತ ಗೌರವಧನ ಬೇಕೆಂದು ಇವರು 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಧರಣಿ ಕೂತದ್ದು ಸುಮ್ಮನೆ ಅಲ್ಲ. ನಮ್ಮ ಕಡೆ ಒಂದು ಮನೆಗೂ ಇನ್ನೊಂದಕ್ಕೂ ಅರ್ಧ ಮೈಲಿ ಏರು. ಪಟ್ಟಿಯಲ್ಲಿ ಮನೆಗಳ ಸಂಖ್ಯೆ ಕಡಮೆ ಕಂಡರೂ ಕಾಲಿಗೆ ಬೀಳುವ ನಡಿಗೆ ಹೆಚ್ಚು.

ಇನ್ನೊಂದು ಮಾತು. ಊರಿನ ಕಾರ್ಯಕರ್ತೆ ವೈದ್ಯರಿಗೆ ಬದಲಿಯಲ್ಲ. ಆಕೆಯ ಹಿಂದೆ ಉಪಕೇಂದ್ರದ ದಾದಿ, ಅದರ ಹಿಂದೆ ಪ್ರಾಥಮಿಕ ಆರೋಗ್ಯ ಕೇಂದ್ರ, ಅದರ ಹಿಂದೆ ತಾಲ್ಲೂಕು ಆಸ್ಪತ್ರೆ, ಹೀಗೆ ಸರಪಳಿ ಕೂಡಿರಬೇಕು. ಆಕೆ ಕಳುಹಿಸಿದ ರೋಗಿಗೆ ಮೇಲೆ ಚಿಕಿತ್ಸೆ ಸಿಗದಿದ್ದರೆ ಮುಂದಿನ ಸಲ ಆಕೆಯ ಮಾತನ್ನು ಊರು ನಂಬುವುದಿಲ್ಲ.

ಸದಸ್ಯರು ಮಾಡಬಹುದಾದದ್ದು

ಸಂಬಳ, ಹುದ್ದೆ, ಔಷಧಿ ಒದಗಿಸುವುದು ಸರ್ಕಾರದ ಹೊಣೆ. ಅದನ್ನು ಕೇಳುತ್ತಲೇ ಇರಬೇಕು. ಈ ಕೆಳಗಿನವು ಮಾತ್ರ ನಮ್ಮ ಕೈಯಲ್ಲೇ ಇವೆ.

1. ಹೊಸದಾಗಿ ಬಂದ ದಾದಿ ಅಥವಾ ವೈದ್ಯರಿಗೆ ಸೋರದ ಮನೆ, ಒಳ್ಳೆಯ ನೀರು ಸಿಗುವಂತೆ ನೋಡಿಕೊಳ್ಳುವುದು. ಊರಿನ ಹಬ್ಬ, ಮದುವೆಗೆ ಅವರನ್ನೂ ಕರೆಯುವುದು.

2. ರಾತ್ರಿ ಕರೆ ಬಂದಾಗ ಆಕೆ ಒಬ್ಬಳೇ ನಡೆಯದಂತೆ, ಜೀಪು ಇರುವ ಸದಸ್ಯರು ಸರದಿ ಹಾಕಿಕೊಳ್ಳುವುದು.

3. ಕೊಯ್ಲಿಗೆ ಹೊರಗಿನಿಂದ ಕೆಲಸದವರು ಬಂದ ವಾರವೇ ಅವರ ಮಕ್ಕಳು, ಬಸುರಿಯರ ವಿವರವನ್ನು ಆಶಾ ಕಾರ್ಯಕರ್ತೆಗೆ ತಿಳಿಸುವುದು. ಲೈನು ಮನೆಗಳಿಗೆ ಹೋಗಲು ಆಕೆಗೆ ಯಾರ ಅಡ್ಡಿಯೂ ಇರಬಾರದು.

4. ತೋಟದಲ್ಲಿ, ಸೊಪ್ಪಿನ ಬೆಟ್ಟದಲ್ಲಿ ಮಂಗ ಸತ್ತದ್ದು ಕಂಡರೆ ಮುಟ್ಟದೆ ಅದೇ ದಿನ ಸುದ್ದಿ ಕೊಡುವುದು.

5. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಗೆ ಹೋಗುವುದು. ಹೆಸರಿಗೆ ಸದಸ್ಯರಾಗಿದ್ದರೆ ಪ್ರಯೋಜನವಿಲ್ಲ.

6. ದಾದಿಯ ಓದಿಗೆ ಹೋಗಬಯಸುವ ನಮ್ಮೂರ ಹೆಣ್ಣುಮಕ್ಕಳಿಗೆ, ಕೂಲಿಕಾರರ ಮನೆಯ ಮಕ್ಕಳೂ ಸೇರಿ, ಸಂಘದ ಲಾಭದಿಂದ ವಿದ್ಯಾರ್ಥಿವೇತನ ಕೊಡುವುದು. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಈ ಬಗ್ಗೆ ಒಂದು ಠರಾವು ಬರಲೆಂದು ಸೂಚಿಸುತ್ತೇನೆ.

ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಹೊಡೆದವನ ತೋಟ ಕೊಳೆಯಿಂದ ಉಳಿಯುತ್ತದೆ. ಕಾಯಿ ಉದುರಿದ ಮೇಲೆ ದೋಟಿ ಹುಡುಕಿದರೆ ಏನು ಫಲ? ಮುಂದಿನ ಕೊಯ್ಲಿಗೆ ಇನ್ನೂ ಸಮಯವಿದೆ. ಅಷ್ಟರೊಳಗೆ ನಿಮ್ಮೂರಿನ ಉಪಕೇಂದ್ರದ ಬಾಗಿಲು ತೆರೆದಿದೆಯೇ, ಅಲ್ಲಿರುವಾಕೆಯ ಮನೆಯ ಮಾಡು ಸೋರುತ್ತಿದೆಯೇ ಎಂದು ಒಮ್ಮೆ ಹೋಗಿ ನೋಡಿಬರಬೇಕೆಂದು ಸದಸ್ಯ ಬಾಂಧವರಲ್ಲಿ ವಿನಂತಿ.