ಕೊರೊನರ್, ಪಂಚನಾಮೆ, ಮಹಜರು

ಕೊರೊನಾ ಕಾಯಿಲೆ ನೆನಪಿದೆ ಅಲ್ವಾ? 2020ರಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿತ್ತು. ಕೊರೊನಾ ಅಂದ್ರೆ ಏನು? ಇದು ಲ್ಯಾಟಿನ್ ಎಂಬ ಹಳೆಯ ಭಾಷೆಯ ಪದ. ಇದರ ಅರ್ಥ ಕಿರೀಟ. ಆ ರೋಗಾಣುವಿನ ಸುತ್ತ ಕಿರೀಟದ ಹಾಗೆ ಮುಳ್ಳುಗಳಿವೆ. ಅದಕ್ಕೇ ಆ ಹೆಸರು.

ಇದೇ ಪದದಿಂದ ಇನ್ನೊಂದು ಹೆಸರು ಹುಟ್ಟಿದೆ. ಅದು ‘ಕೊರೊನರ್’. ಇದು ರೋಗದ ಹೆಸರಲ್ಲ, ಒಬ್ಬ ಅಧಿಕಾರಿಯ ಹೆಸರು. ಸಾವಿನಲ್ಲಿ ಅನುಮಾನ ಬಂದಾಗ ವಿಚಾರಣೆ ಮಾಡುವ ಅಧಿಕಾರಿ.

ಕಿರೀಟಕ್ಕೂ ಸಾವಿಗೂ ಏನು ಸಂಬಂಧ?

1194ರಲ್ಲಿ ಇಂಗ್ಲೆಂಡಿನಲ್ಲಿ ಈ ಹುದ್ದೆ ಗಟ್ಟಿಯಾಗಿ ನೆಲೆಯಾಯಿತು. ಕೊರೊನರ್ ಅಂದ್ರೆ ಕಿರೀಟದ ಕಡೆಯವನು, ಅಂದರೆ ರಾಜನ ಕಡೆಯವನು. ಯಾರಾದರೂ ಅಕಸ್ಮಾತ್ ಸತ್ತರೆ ಅವನು ಅಲ್ಲಿಗೆ ಹೋಗುತ್ತಿದ್ದ. ಸುತ್ತಲಿನ ಹಳ್ಳಿಗಳ ಗಂಡಸರನ್ನು ಕೂಡಿಸುತ್ತಿದ್ದ. ಎಲ್ಲರೆದುರು ಹೆಣ ನೋಡಿ ವಿಚಾರಿಸುತ್ತಿದ್ದ.

ಇದು ಬರೀ ಮರುಕದಿಂದ ಅಲ್ಲ. ಕೊಲೆಗಾರನ ಸೊತ್ತು ರಾಜನಿಗೆ ಸೇರುತ್ತಿತ್ತು. ದಂಡದ ಹಣವೂ ರಾಜನಿಗೇ. ಅದರ ಲೆಕ್ಕ ತಪ್ಪಬಾರದು ಅಂತ ಈ ಏರ್ಪಾಡು.

ಕಾಲ ಹೋದಂತೆ ಹಣದ ಕೆಲಸ ಹಿಂದೆ ಬಿತ್ತು. ಸಾವಿನ ವಿಚಾರಣೆ ಮುಂದೆ ಬಂತು. ಸತ್ತವರು ಯಾರು? ಎಲ್ಲಿ ಸತ್ತರು? ಯಾವಾಗ? ಹೇಗೆ? ಇಂಗ್ಲೆಂಡಿನ ಕೊರೊನರ್ ಇಂದು ಕೇಳುವುದು ಈ ನಾಲ್ಕು ಪ್ರಶ್ನೆ.

ಜರ್ಮನ್ ಭಾಷೆಯಲ್ಲಿ ಇಂಥ ಕೆಲಸದವರಿಗೆ ‘ಹೆಣ ನೋಡುವವರು’ ಎಂಬ ಅರ್ಥದ ಪದವಿದೆ. ಅಲ್ಲಿ ಕಿರೀಟ ಇಲ್ಲ, ಕೆಲಸವೇ ಹೆಸರಾಗಿದೆ.

ನಮ್ಮಲ್ಲಿ ಏನಂತಾರೆ?

ಬ್ರಿಟಿಷರು 1871ರಲ್ಲಿ ಕೊರೊನರ್ ಕಾಯ್ದೆ ತಂದರು. ಅದು ಕಲ್ಕತ್ತಾ, ಬೊಂಬಾಯಿಯಂಥ ಪಟ್ಟಣಗಳಿಗೆ. ಮುಂಬಯಿಯ ಕೊರೊನರ್ ಹುದ್ದೆ 1999ರಲ್ಲಿ ರದ್ದಾಯಿತು. ನಮ್ಮ ಊರುಗಳಲ್ಲಿ ಈ ಕೆಲಸ ಪೊಲೀಸರದು. ಕೆಲವು ಸಾವುಗಳಲ್ಲಿ ತಹಶೀಲ್ದಾರರೂ ಬರುತ್ತಾರೆ. ಅವರು ಬರೆಯುವ ಕಾಗದಕ್ಕೆ ನಾವು ಪಂಚನಾಮೆ ಅಂತೀವಿ, ಮಹಜರು ಅಂತೀವಿ.

‘ಪಂಚ’ ಅಂದ್ರೆ ಐದು. ‘ನಾಮೆ’ ಪಾರಸಿ ಪದ, ಬರಹ ಅಂತ ಅರ್ಥ. ಪಂಚರ ಎದುರು ಬರೆದದ್ದು ಪಂಚನಾಮೆ. ಹೆಸರಲ್ಲಿ ಐದಿದ್ದರೂ ಕಾನೂನಿಗೆ ನೆರೆಹೊರೆಯ ಇಬ್ಬರು ಇದ್ದರೂ ಸಾಕು.

ಮಹಜರು ಅರಬಿಯಿಂದ ಬಂದ ಪದ. ಅದೂ ‘ಹಾಜರು’ ಎಂಬ ಪದವೂ ಒಂದೇ ಬೇರಿನವು. ಕಲಿಕಾ ಕೇಂದ್ರದಲ್ಲಿ ನಿಮ್ಮ ಹಾಜರಿ ಹಾಕ್ತಾರಲ್ಲ, ಅದೇ ಹಾಜರು! ಎದುರಿಗೆ ಹಾಜರಿದ್ದವರು ಕಂಡು ಒಪ್ಪಿದ ಬರಹವೇ ಮಹಜರು.

ನಾವು ತಿಳಿದಿರಬೇಕಾದದ್ದು

ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡಳು ಅನ್ನಿ. ಇಲ್ಲವೇ ಅವಳ ಸಾವಿನಲ್ಲಿ ಅನುಮಾನ ಇದೆ ಅನ್ನಿ. ಆಗ ಪೊಲೀಸರ ಮಹಜರು ಮಾತ್ರ ಸಾಲದು. ಮ್ಯಾಜಿಸ್ಟ್ರೇಟ್ ಅಧಿಕಾರ ಇರುವವರೂ ವಿಚಾರಣೆ ಮಾಡಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಅದು ತಹಶೀಲ್ದಾರರು. ವೈದ್ಯರಿಂದ ಶವಪರೀಕ್ಷೆಯೂ ಆಗಬೇಕು. ತಹಶೀಲ್ದಾರರು ಸಾಧ್ಯವಾದಷ್ಟೂ ತಂದೆ ತಾಯಿಗೆ, ಒಡಹುಟ್ಟಿದವರಿಗೆ ತಿಳಿಸಬೇಕು. ವಿಚಾರಣೆಯಲ್ಲಿ ಇರಲು ಬಿಡಬೇಕು. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನಲ್ಲೂ ಇದು ಹಾಗೇ ಇದೆ.

ಮೈಮೇಲೆ ಕಂಡ ಗಾಯ, ಬಾವು, ಮುರಿದ ಮೂಳೆ ಎಲ್ಲವನ್ನೂ ಮಹಜರಿನಲ್ಲಿ ಬರೆಯಬೇಕು. ಒಪ್ಪಿದವರು ಮಾತ್ರ ಸಹಿ ಹಾಕುತ್ತಾರೆ. ಕತ್ತಿನ ಮೇಲಿನ ಕಲೆ ನೀವು ಕಂಡಿದ್ದೀರಿ, ಆದರೆ ಕಾಗದದಲ್ಲಿ ಅದಿಲ್ಲ. ಆಗ “ಇದನ್ನೂ ಬರೀರಿ ಸಾರ್” ಅನ್ನಿ. ಬರೆಯದಿದ್ದರೆ ಸಹಿ ಹಾಕಬೇಡಿ.

ಹಿಂದೆ ಕಾಗದ ಮುಂದಿಟ್ಟರೆ ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ನಮಗೆ ಓದು ಬರುತ್ತದೆ. ನಿಧಾನವಾದರೂ ಪರವಾಗಿಲ್ಲ, ಪೂರ್ತಿ ಓದಿ. ಅಕ್ಷರ ತಿಳಿಯದಿದ್ದರೆ ನಂಬಿಕೆಯವರಿಂದ ಓದಿಸಿ ಕೇಳಿ. ಸತ್ತವಳು ಮಾತಾಡಲಾರಳು. ಅವಳ ಪರವಾಗಿ ಆ ಕಾಗದ ಮಾತಾಡಬೇಕು.

ಗುಂಪಿನಲ್ಲಿ ಮಾತಾಡಿ:
1. ಮಹಜರು, ಹಾಜರು – ಇವುಗಳಿಗೆ ಏನು ನಂಟು?
2. ನಿಮ್ಮ ಊರಿನಲ್ಲಿ ಮಹಜರು ಬರೆಯುವಾಗ ಹೆಂಗಸರನ್ನು ಕರೆಯುತ್ತಾರಾ?