ಗೋಮಾಳಕ್ಕೆ ಮರುಜೀವ

ಅರಸೀಕೆರೆಯಿಂದ ಹಳೇಬೀಡಿನ ಮಾರ್ಗವಾಗಿ ಬೇಲೂರಿಗೆ ಸಾಗಿದಂತೆ ಬಯಲುಸೀಮೆಯ ತೆಂಗಿನ ತೋಟಗಳು ಹಿಂದೆ ಸರಿದು ಅರೆಮಲೆನಾಡಿನ ಹಸುರು ಎದುರಾಗುತ್ತದೆ. ಮಳೆಯ ಪ್ರಮಾಣ ಬದಲಾಗುತ್ತದೆ, ಮಣ್ಣು ಬದಲಾಗುತ್ತದೆ. ಆದರೆ ಗೋಮಾಳಗಳನ್ನು ನುಂಗುತ್ತಿರುವ ಲಂಟಾನದ ಪೊದೆಯನ್ನು ಎರಡೂ ಕಡೆ ಕಾಣುತ್ತೇವೆ.

ನಮ್ಮ ಸೀಮೆಗೆ ಹುಲ್ಲುಗಾವಲಿನ ದೊಡ್ಡ ಪರಂಪರೆಯಿದೆ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯೇ ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಎಂಬ ಹೆಸರು ಪಡೆಯಿತು. ಆ ರಾಸುಗಳಿಗಾಗಿ ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗ ಸೀಮೆಗಳಲ್ಲಿ ಕಾವಲುಗಳನ್ನು ಮೀಸಲಿಡಲಾಗಿತ್ತು. ಬೇಸಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ವಿಂಗಡಿಸಿದ್ದರು. ಒಂದು ಕಡೆ ಮೇಯುವಾಗ ಇನ್ನೊಂದು ಕಡೆಯ ಹುಲ್ಲು ಬೀಜ ಕಟ್ಟಿ ಚೇತರಿಸಿಕೊಳ್ಳುತ್ತಿತ್ತು. ಇಂದು ನಮ್ಮ ಗೋಮಾಳಗಳಿಗೆ ಇಲ್ಲವಾಗಿರುವುದು ಈ ವಿಶ್ರಾಂತಿಯೇ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂದ ಲಂಟಾನವು ಅಮೆರಿಕ ಖಂಡದ ಸಸ್ಯ. ಅದರ ಎಲೆ ತಿಂದ ದನಗಳ ಪಿತ್ತಜನಕಾಂಗ ಕೆಡುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಮೇಲಷ್ಟೇ ಕಡಿದರೆ ಅಥವಾ ಬೆಂಕಿಯಿಟ್ಟರೆ ಬುಡದಿಂದ ಮತ್ತೆ ಚಿಗುರುತ್ತದೆ. ಆದುದರಿಂದ ಮಣ್ಣು ಹದವಾಗಿರುವಾಗ, ಕಾಯಿ ಹಣ್ಣಾಗುವ ಮೊದಲೇ, ನೆಲಮಟ್ಟಕ್ಕಿಂತ ಕೆಳಗೆ ಬೇರಿನ ಕೊರಳನ್ನು ಕತ್ತರಿಸಿ ಬುಡ ಮೇಲುಮಾಡಿ ಒಣಗಿಸಬೇಕು. ಹಕ್ಕಿಗಳು ಬೀಜವನ್ನು ಮತ್ತೆ ತರುವುದರಿಂದ ಎರಡು ಮೂರು ವರ್ಷ ಮರಿಗಿಡಗಳನ್ನು ಕೀಳುತ್ತಿರಬೇಕು. ಇಳಿಜಾರಿನಲ್ಲಿ ಮಣ್ಣು ಕೊಚ್ಚಿಹೋಗದಂತೆ ಪಟ್ಟಿಪಟ್ಟಿಯಾಗಿ ತೆರವು ಮಾಡುವುದು ಲೇಸು. ತಂಗಡಿಯಂತಹ ನಾಡಗಿಡಗಳನ್ನು ಪೂರ್ತಿ ನಾಶಮಾಡಬೇಕಾಗಿಲ್ಲ.

ಪೊದೆ ತೆಗೆಯದೆ ಗೊಬ್ಬರ ಹಾಕಿದರೆ ಅದು ಕಳೆಯ ಪಾಲಾಗುತ್ತದೆ. ತೆರವಾದ ನೆಲದಲ್ಲಿ ಸ್ಥಳೀಯ ಹುಲ್ಲಿನ ಬೀಜದೊಡನೆ ಸ್ಟೈಲೋ ಎಂಬ ದ್ವಿದಳ ಮೇವನ್ನು ಚೆಲ್ಲಬಹುದು. ಅದು ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುತ್ತದೆ. ರಂಜಕದ ಗೊಬ್ಬರ ಅದಕ್ಕೆ ಬಲ. ರಾತ್ರಿ ಕುರಿಮಂದೆ ನಿಲ್ಲಿಸುವ ನಮ್ಮ ಹಿರಿಯರ ಪದ್ಧತಿಗೆ ಸಾಟಿಯಿಲ್ಲ. ಹುಲ್ಲು ಹಬ್ಬಿದ ಮೇಲೆ ಎಕರೆಗೆ 18ರಿಂದ 35 ಕಿಲೋ ಯೂರಿಯಾ ಕೊಟ್ಟರೆ ಹೆಕ್ಟೇರಿಗೆ 20ರಿಂದ 40 ಕಿಲೋ ಸಾರಜನಕ ದೊರೆತಂತಾಗುತ್ತದೆ. ಅರಸೀಕೆರೆಯ ಕಡೆ ಮಳೆ ಖಚಿತವಾದಾಗ ಮಾತ್ರ ಇದನ್ನು ಹಾಕಬೇಕು. ಬೇಲೂರಿನ ಮಳೆಯಲ್ಲಿ ಎರಡು ಕಂತಾಗಿ ಹಾಕುವುದು ಒಳಿತು. ಗೊಬ್ಬರ ಕರಗಿ ಇಂಗುವವರೆಗೆ ದನಗಳನ್ನು ಬಿಡಬಾರದು. ಬೀಜ, ಸಲಹೆಗಳಿಗೆ ಪಶುವೈದ್ಯರನ್ನೂ, ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವನ್ನೂ ವಿಚಾರಿಸಬಹುದು.

ಇದು ಒಬ್ಬರಿಂದ ಆಗುವ ಕೆಲಸವಲ್ಲ. ನೂರು ರಾಸುಗಳಿಗೆ 30 ಎಕರೆ ಗೋಮಾಳವಿರಬೇಕೆಂದು 1966ರ ಭೂಕಂದಾಯ ನಿಯಮಗಳು ಹೇಳುತ್ತವೆ. ಕಾಗದದ ಮೇಲಿನ ಎಕರೆ ದನದ ಹೊಟ್ಟೆ ತುಂಬಿಸುವುದಿಲ್ಲ. ಪಂಚಾಯಿತಿಯ, ಅರಣ್ಯ ಭೂಮಿಯಾದರೆ ಇಲಾಖೆಯ, ಒಪ್ಪಿಗೆ ಪಡೆದು, ಗೋಮಾಳವನ್ನು ಮೂರು ನಾಲ್ಕು ಭಾಗ ಮಾಡಿ, ಪ್ರತಿವರ್ಷ ಒಂದನ್ನು ಶುದ್ಧಗೊಳಿಸಿ ಒಂದು ಮಳೆಗಾಲ ಮೇಯದಂತೆ ಕಾಯಬೇಕು. ಮೇವು ತೀರಿ ದನ ಮಾರುವ ಬಡ ಕುಟುಂಬಕ್ಕೆ ಗೋಮಾಳವಲ್ಲದೆ ಬೇರೆ ಆಸರೆಯೇನಿದೆ? ಹಿರಿಯರು ಉಳಿಸಿಕೊಟ್ಟ ನೆಲವನ್ನು ಹಸುರಾಗಿಯೇ ಮಕ್ಕಳಿಗೆ ಒಪ್ಪಿಸುವ ಹೊಣೆ ನಮ್ಮೆಲ್ಲರದು.